ಚರ್ಮದ ಬಗೆಗಳು: ರೈತರು ತಿಳಿಯತಕ್ಕ ಕೆಲವು ಸಂಗತಿಗಳು

ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಚಿಕ್ಕಬಳ್ಳಾಪುರವನ್ನು ದಾಟಿ ಉತ್ತರಕ್ಕೆ ಹೋದರೆ ಪೆರೇಸಂದ್ರವು ಸಿಕ್ಕುವುದು. ಗುಡಿಬಂಡೆಗೆ ಹೋಗತಕ್ಕವರು ಇಲ್ಲಿಯೇ ದಾರಿ ತಿರುಗಬೇಕು. ಊರ ಹೆಸರಿನ ಕೊನೆಯಲ್ಲಿರುವ 'ಸಂದ್ರ'ವೆಂಬುದು 'ಸಮುದ್ರ'ವೆಂಬ ಮಾತಿನ ರೂಪಾಂತರ. ಸಮುದ್ರವೆಂದರೆ ಇಲ್ಲಿ ಕೆರೆ. ವರ್ಷವೆಲ್ಲಾ ಹರಿಯುವ ಹೊಳೆಯಿಲ್ಲದ ಈ ಸೀಮೆಯಲ್ಲಿ ಹಿಂದಿನವರು ಕೆರೆಯನ್ನೂ ಬಾವಿಯನ್ನೂ ನಂಬಿ ಬೇಸಾಯ ಮಾಡಿದರು. ವಿದ್ಯುತ್ ಪಂಪುಗಳು ಬರುವುದಕ್ಕೆ ಮುಂಚೆ ಬಾವಿಯ ನೀರನ್ನು ಮೇಲೆತ್ತುತ್ತಿದ್ದುದು ಕಪಿಲೆ. ಕಪಿಲೆಯ ಬಾನೆಯಾಗಲಿ, ಅದರ ತುದಿಗೆ ಸೊಂಡಿಲಿನಂತೆ ಕಟ್ಟುತ್ತಿದ್ದ ಕೊಳವೆಯಾಗಲಿ ತೊಗಲಿನದು. ನೊಗಕ್ಕೆ ಬಿಗಿಯುತ್ತಿದ್ದ ಮಿಣಿಯೂ ತೊಗಲಿನದು. ಆಗ ತೊಗಲೆಂಬುದು ನೇಗಿಲು ಗುದ್ದಲಿಗಳಂತೆ ಬೇಸಾಯದ ಉಪಕರಣವೇ ಆಗಿದ್ದಿತು. ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಎಂಬುದು ಎಲ್ಲ ರೈತರಿಗೂ ತಿಳಿದಿದ್ದಿತು.

ಕಪಿಲೆಯು ಹೋಯಿತು, ಅದರೊಡನೆ ಆ ತಿಳಿವಳಿಕೆಯೂ ಬಹುಮಟ್ಟಿಗೆ ಹೋಯಿತು. ಹಸು, ಎಮ್ಮೆ, ಕುರಿ, ಮೇಕೆಗಳನ್ನು ಈಗಲೂ ಮನೆಮನೆಗಳಲ್ಲಿ ಸಾಕುತ್ತೇವೆ. ಹಾಲನ್ನು ಅಳೆಯುತ್ತೇವೆ, ಗೊಬ್ಬರವನ್ನು ಲೆಕ್ಕ ಹಾಕುತ್ತೇವೆ; ತೊಗಲನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇದರಿಂದ ರೈತನಿಗೆ ಎರಡು ಕಡೆಯೂ ನಷ್ಟ. ತನ್ನ ದನದ ತೊಗಲನ್ನು ಕೆಡಿಸಿ ಅಗ್ಗಕ್ಕೆ ಕೊಡುತ್ತಾನೆ. ಅಂಗಡಿಯಲ್ಲಿ ಚರ್ಮವೆಂದು ನಂಬಿ ಬಟ್ಟೆಗೆ ಬಣ್ಣ ಬಳಿದ ಪದಾರ್ಥವನ್ನು ದುಬಾರಿಗೆ ಕೊಳ್ಳುತ್ತಾನೆ. ಇವೆರಡಕ್ಕಿಂತಲೂ ದೊಡ್ಡದಾದ ಮೂರನೆಯ ವಿಷಯವೊಂದಿದೆ. ಅದು ಮನುಷ್ಯನ ಪ್ರಾಣಕ್ಕೂ ಮಾನಕ್ಕೂ ಸಂಬಂಧಪಟ್ಟುದಾದುದರಿಂದ ಲೇಖನದ ಕೊನೆಯಲ್ಲಿ ಬೇರೆಯಾಗಿಯೇ ಹೇಳಿದೆ. ಈ ಲೇಖನದಲ್ಲಿ ಹದ ಮಾಡದಿರುವುದನ್ನು ತೊಗಲೆಂದೂ, ಹದವಾದುದನ್ನು ಚರ್ಮವೆಂದೂ ಕರೆದಿದೆ.

೧. ತೊಗಲಿನ ರಚನೆ

ಹಸಿಯ ತೊಗಲಿನಲ್ಲಿ ನೂರಕ್ಕೆ ಅರುವತ್ತು ಪಾಲಿಗಿಂತಲೂ ಹೆಚ್ಚು ನೀರು. ಉಳಿದುದರಲ್ಲಿ ಮುಖ್ಯವಾದುದು ಕೊಲಾಜೆನ್ ಎಂಬ ನಾರಿನಂತಹ ಪದಾರ್ಥ. ತೊಗಲಿನಲ್ಲಿ ಮೂರು ಪದರಗಳಿವೆ. ರೋಮಗಳಿರುವ ಮೇಲಿನ ಪೊರೆಯು ಬಹಳ ತೆಳುವು. ಸುಣ್ಣದ ತೊಟ್ಟಿಯಲ್ಲಿ ನೆನೆಹಾಕಿದಾಗ ರೋಮದೊಡನೆ ಅದೂ ಹೋಗುವುದು. ಕೆಳಗೆ ಮಾಂಸಕ್ಕೆ ಅಂಟಿದ ಕೊಬ್ಬು ಪೊರೆಗಳನ್ನು ಕತ್ತಿಯಿಂದ ಹೆರೆದು ತೆಗೆಯುವರು. ನಡುವಣ ಪದರವೇ ಚರ್ಮವಾಗತಕ್ಕದ್ದು. ಇದರ ಮೇಲ್ಭಾಗದಲ್ಲಿ ನಾರುಗಳು ಬಹು ಸಣ್ಣವಾಗಿಯೂ ಒತ್ತಾಗಿಯೂ ಹೆಣೆದುಕೊಂಡಿರುತ್ತವೆ. ಕೆಳಕ್ಕೆ ಹೋದಂತೆ ಅವು ದಪ್ಪನಾಗುತ್ತವೆ. ರೋಮವಿದ್ದ ಬದಿಯು ನುಣುಪಾಗಿಯೂ ಮಾಂಸದ ಬದಿಯು ಜುಂಗುಜುಂಗಾಗಿಯೂ ಇರುವುದಕ್ಕೆ ಇದೇ ಕಾರಣ.

ಒಂದೇ ತೊಗಲಿನಲ್ಲಿಯೂ ಎಲ್ಲ ಭಾಗಗಳು ಸಮನಲ್ಲ. ಬೆನ್ನು ಮತ್ತು ಪೃಷ್ಠದ ಭಾಗವು ಒತ್ತಾದುದು, ಬಲವಾದುದು, ಬೆಲೆಯುಳ್ಳದ್ದು. ಹೊಟ್ಟೆಯ ಭಾಗವು ಸಡಿಲವಾದುದು, ಎಳೆದರೆ ಹಿಗ್ಗುವುದು. ಕತ್ತಿನ ಭಾಗದಲ್ಲಿ ಸುಕ್ಕುಗಳು ಹೆಚ್ಚು. ಆದುದರಿಂದ ಬೆನ್ನಿನ ಮೇಲಣ ಒಂದು ಗಾಯವು ಹೊಟ್ಟೆಯ ಮೇಲಣ ನಾಲ್ಕು ಗಾಯಗಳಿಗಿಂತ ಹೆಚ್ಚಾಗಿ ಬೆಲೆಯನ್ನು ತಗ್ಗಿಸುತ್ತದೆ.

೨. ಪ್ರಾಣಿಯ ಭೇದದಿಂದ ಆಗುವ ಬಗೆಗಳು

ಎತ್ತು ಮತ್ತು ಹಸುವಿನ ಚರ್ಮವು ಗಟ್ಟಿಯಾಗಿದ್ದು ಪಾದರಕ್ಷೆಯ ಅಟ್ಟೆ, ಸೊಂಟಪಟ್ಟಿ, ಕೊರಳಪಟ್ಟಿಗಳಿಗೆ ಯೋಗ್ಯವಾದುದು. ಎಮ್ಮೆ ಕೋಣಗಳ ಚರ್ಮವು ಇನ್ನೂ ದಪ್ಪ. ಆದರೆ ಅದರ ನಾರು ಒರಟು, ಮೇಲ್ಮೈಯೂ ಒರಟು. ಕರುವಿನ ಚರ್ಮವು ನುಣುಪಾದುದು. ಮೇಕೆಯ ಚರ್ಮವು ತೆಳುವಾದರೂ ಅದರ ಮೇಲ್ಮೈ ಬಹಳ ಒತ್ತು. ಆದಕಾರಣ ಬೂಟಿನ ಮೇಲ್ಭಾಗ, ಚೀಲ, ಪುಸ್ತಕದ ರಟ್ಟುಗಳಿಗೆ ಅದನ್ನು ಬಯಸುವರು. ಕುರಿಯ ತೊಗಲಿನಲ್ಲಿ ಕೊಬ್ಬು ಹೆಚ್ಚಾಗಿರುವುದರಿಂದ ಹದವಾದ ಮೇಲೆ ಅದು ಮೃದುವಾಗಿಯೂ ಸಡಿಲವಾಗಿಯೂ ಇರುವುದು. ಕೈಚೀಲಗಳ ಒಳಪದರ, ಉಡುಪು, ಕೈಗವಸುಗಳಿಗೆ ಸಲ್ಲುವುದೇ ಹೊರತು ಎಳೆತದ ಕೆಲಸಕ್ಕೆ ಬಾರದು. ಆದರೆ ದಟ್ಟವಾದ ಉಣ್ಣೆಯುಳ್ಳ ಕುರಿಗಿಂತ ಕೂದಲಿನಂತಹ ರೋಮವುಳ್ಳ ಕುರಿಯ ತೊಗಲು ಒತ್ತಾದುದೆಂದು ಕೈಗವಸು ತಯಾರಿಸುವವರು ಅದನ್ನು ಮೆಚ್ಚುತ್ತಾರೆ.

೩. ಹದದ ಭೇದದಿಂದ ಆಗುವ ಬಗೆಗಳು

ತೊಗಲನ್ನು ಹಾಗೆಯೇ ಬಿಟ್ಟರೆ ಕೊಳೆಯುವುದು. ಒಣಗಿಸಿದರೆ ಮರದಂತೆ ಸೆಡೆಯುವುದು. ಪುನಃ ನೆನೆದರೆ ಪುನಃ ಕೊಳೆಯುವುದು. ಕೊಳೆಯದಂತೆಯೂ ಬಾಗುವಂತೆಯೂ ಅದರ ನಾರನ್ನು ಮಾರ್ಪಡಿಸುವುದಕ್ಕೆ ಹದ ಮಾಡುವುದೆಂದು ಹೆಸರು.

(ಅ) ಹದ ಮಾಡದ ತೊಗಲು. ರೋಮ ತೆಗೆದು ಬಿಗಿಯಾಗಿ ಎಳೆದು ಒಣಗಿಸಿದ ತೊಗಲಿಗೂ ಉಪಯೋಗಗಳಿವೆ. ತಮಟೆಯ ನಾದವು ಇಂತಹ ತೊಗಲಿನಿಂದ ಬರುವುದು. ಹದ ಮಾಡಿದ ಚರ್ಮವನ್ನು ತಮಟೆಗೆ ಬಿಗಿದರೆ ನಾದ ಹೊರಡದು. ತೊಗಲುಗೊಂಬೆಯವರು ಮೇಕೆಯ ತೊಗಲನ್ನು ಬೆಳಕು ಹಾಯುವಷ್ಟು ತೆಳುವಾಗಿ ಹೆರೆದು ಬಣ್ಣ ಹಾಕುವರು. ಮಳೆಗಾಲದಲ್ಲಿ ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸುವುದೇತಕ್ಕೆಂದರೆ ಹದವಿಲ್ಲದ ತೊಗಲು ಗಾಳಿಯ ತೇವವನ್ನು ಹೀರಿ ಸಡಿಲಗೊಳ್ಳುತ್ತದೆ.

(ಆ) ತೊಗಟೆಯ ಹದ. ಗಿಡಮರಗಳ ತೊಗಟೆ ಮತ್ತು ಕಾಯಿಗಳಲ್ಲಿರುವ ಒಗರಾದ ಪದಾರ್ಥಕ್ಕೆ ಟ್ಯಾನಿನ್ ಎಂದು ಹೆಸರು. ನಮ್ಮ ಬೀಳುಗಳಲ್ಲಿ ಹಳದಿಯ ಹೂ ಬಿಟ್ಟುಕೊಂಡು ನಿಂತಿರುವ ತಂಗಡಿಯ ಗಿಡವನ್ನು ನೋಡದವರಿಲ್ಲ; ಈ ಗಡಿಸೀಮೆಯಲ್ಲಿ ತೆಲುಗು ಮಾತನಾಡುವವರು ಇದನ್ನೇ ತಂಗೇಡು ಎನ್ನುವರು. ಇದರ ತೊಗಟೆಯಲ್ಲಿ ನೂರಕ್ಕೆ ಸುಮಾರು ೧೮ ಪಾಲು ಟ್ಯಾನಿನ್ ಇದೆ. ತಂಗಡಿಯ ತೊಗಟೆಯಿಂದ ಹದ ಮಾಡಿ, ಅಳಲೆಕಾಯಿಯ ರಸದಲ್ಲಿ ಅದ್ದಿ, ಎಣ್ಣೆ ಕುಡಿಸಿದ ದಕ್ಷಿಣ ದೇಶದ ಚರ್ಮವು 'ಈಸ್ಟ್ ಇಂಡಿಯಾ' ಹದವೆಂಬ ಹೆಸರಿನಿಂದ ವಿದೇಶಗಳಲ್ಲಿ ಪ್ರಸಿದ್ಧವಾಗಿದ್ದಿತು. ೧೯೧೪ರಿಂದ ೧೯೧೮ರವರೆಗೆ ನಡೆದ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರ ಬೂಟುಗಳ ಮೇಲ್ಭಾಗಕ್ಕೆ ಈ ಚರ್ಮವನ್ನು ಹೇರಳವಾಗಿ ಬಳಸಿದರು. ಕ್ರಮೇಣ ದಕ್ಷಿಣ ಆಫ್ರಿಕದಿಂದ ಬಂದ ವಾಟಲ್ ತೊಗಟೆಯು ತಂಗಡಿಯ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿತು.

ತೊಗಟೆಯ ಹದಕ್ಕೆ ವಾರಗಟ್ಟಲೆ ಕಾಲ ಹಿಡಿಯುವುದು. ಚರ್ಮವು ಕಂದು ಬಣ್ಣವನ್ನು ತಾಳಿ, ಗಟ್ಟಿಯಾಗಿದ್ದು, ಅಚ್ಚೊತ್ತುವುದಕ್ಕೂ ಕೊರೆಯುವುದಕ್ಕೂ ಅನುಕೂಲವಾಗಿರುವುದು. ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿಗಳಲ್ಲಿಯೂ ಮಹಾರಾಷ್ಟ್ರದ ನೆರೆಯ ಸೀಮೆಯಲ್ಲಿಯೂ ತಯಾರಾಗುವ ಕೊಲ್ಹಾಪುರಿ ಚಪ್ಪಲಿಯು ಈ ಜಾತಿಯದು. ಅಲ್ಲಿಯವರು ಜಾಲಿಯ ತೊಗಟೆ ಮತ್ತು ಅಳಲೆಕಾಯಿಗಳನ್ನು ಬಳಸುವರು. ತೊಗಲನ್ನೇ ಚೀಲದಂತೆ ಹೊಲಿದು ತೊಗಟೆಯ ರಸವನ್ನು ತುಂಬಿ ತೂಗುಹಾಕುವ ಕ್ರಮವೂ ಉಂಟು. ೨೦೧೯ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಗುರುತು ದೊರೆತಾಗ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಎಂಬ ನಾಲ್ಕು ಜಿಲ್ಲೆಗಳಿಗೂ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೂ ಅದು ಸೇರಿತು. ಹಳ್ಳಿಯ ಹದವೆಂದು ಹೀಯಾಳಿಸತಕ್ಕದ್ದಲ್ಲವೆಂಬುದಕ್ಕೆ ಇದೇ ಸಾಕ್ಷಿ.

(ಇ) ಕ್ರೋಮ್ ಹದ. ಕ್ರೋಮಿಯಂ ಎಂಬ ಲೋಹದ ಲವಣದಿಂದ ಹದ ಮಾಡುವ ಕ್ರಮಕ್ಕೆ ೧೮೮೪ರಲ್ಲಿ ಅಮೆರಿಕೆಯ ಆಗಸ್ಟಸ್ ಷುಲ್ಟ್ಸ್ ಎಂಬವರು ಹಕ್ಕುಪತ್ರವನ್ನು ಪಡೆದರು. ವಾರಗಳ ಕೆಲಸವು ಇದರಿಂದ ಒಂದೆರಡು ದಿನಗಳಲ್ಲಿ ಮುಗಿಯುವುದು. ಚರ್ಮವು ಮೊದಲು ತಿಳಿನೀಲಿಯ ಬಣ್ಣವಾಗಿರುವುದು. ಮೃದುವಾಗಿದ್ದು ನೀರನ್ನೂ ಕಾವನ್ನೂ ಚೆನ್ನಾಗಿ ತಡೆಯುವುದು. ನಮ್ಮ ನಾಡಿನಲ್ಲಿ ಇದನ್ನು ಬಳಕೆಗೆ ತಂದವರಲ್ಲಿ ಆಲ್‌ಫ್ರೆಡ್ ಚಾಟರ್ಟನ್ ಅವರು ಮುಖ್ಯರು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಅವರು ಮದರಾಸಿನಲ್ಲಿ ಕ್ರೋಮ್ ಹದದ ಪ್ರಯೋಗಗಳನ್ನು ನಡೆಸಿದರು. ಮುಂದೆ ಮೈಸೂರು ಸಂಸ್ಥಾನದಲ್ಲಿ ಕೈಗಾರಿಕೆಗಳ ನಿರ್ದೇಶಕರೂ ಆದರು. ಅವರು ಮಾಡಿಸಿದ ವಸ್ತುಗಳಲ್ಲಿ ಕಪಿಲೆಯ ಬಾನೆಯೂ ಒಂದೆಂಬುದು ರೈತರು ನೆನೆಯತಕ್ಕ ಸಂಗತಿ. ಸದಾ ನೀರಿನಲ್ಲಿ ಮುಳುಗೇಳುವ ಬಾನೆಗೆ ನೀರಿನಲ್ಲಿ ಕೆಡದ ಚರ್ಮವೇ ತಕ್ಕದ್ದೆಂದು ಅವರು ಕಂಡುಕೊಂಡರು. ಇಂದು ಪ್ರಪಂಚದಲ್ಲಿ ತಯಾರಾಗುವ ಚರ್ಮದ ಬಹುಭಾಗವು ಕ್ರೋಮ್ ಹದದ್ದೇ.

ಆದರೆ ಇದಕ್ಕೊಂದು ದೋಷವುಂಟು. ಹದಮಾಡುವ ಕಾರ್ಖಾನೆಗಳ ಕೊಳೆನೀರನ್ನು ಶುದ್ಧಿಮಾಡದೆ ಹೊರಬಿಟ್ಟರೆ ನೆಲವೂ ಬಾವಿಯೂ ಕೆಡುವುವು. ನಮ್ಮ ನಂದಿಬೆಟ್ಟದ ಸಾಲಿನಲ್ಲಿ ಹುಟ್ಟಿ ತಮಿಳುನಾಡಿಗೆ ಇಳಿಯುವ ಪಾಲಾರ್ ನದಿಯ ದಂಡೆಯಲ್ಲಿ ಇಂತಹ ಕಾರ್ಖಾನೆಗಳಿಂದ ಬೇಸಾಯದ ಭೂಮಿಗೂ ಕುಡಿಯುವ ನೀರಿಗೂ ಆದ ಹಾನಿಯು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ೧೯೯೬ರಲ್ಲಿ ಆ ನ್ಯಾಯಾಲಯವು, ಕೆಡಿಸಿದವರೇ ನಷ್ಟವನ್ನು ತುಂಬಿಕೊಡಬೇಕೆಂದು ತೀರ್ಪಿತ್ತಿತು.

(ಈ) ಪಟಿಕದ ಹದ ಮತ್ತು ಎಣ್ಣೆಯ ಹದ. ಪಟಿಕ ಮತ್ತು ಉಪ್ಪಿನಿಂದ ಹದ ಮಾಡಿದರೆ ಚರ್ಮವು ಬೆಳ್ಳಗಾಗುವುದು. ಆದರೆ ನೀರಿನಲ್ಲಿ ನೆನೆದರೆ ಪಟಿಕವು ಕರಗಿ ಹದವೇ ಬಿಟ್ಟುಹೋಗುವುದು. ಮೀನಿನ ಎಣ್ಣೆಯಿಂದ ಹದ ಮಾಡಿದ ಚರ್ಮವು ಬಟ್ಟೆಯಂತೆ ಮೆತ್ತಗಿದ್ದು ನೀರನ್ನು ಹೀರುವುದು. ಕನ್ನಡಿ, ಕಾರುಗಳನ್ನು ಒರೆಸಲು ಅದನ್ನು ಉಪಯೋಗಿಸುವರು.

೪. ಪದರದ ಭೇದ ಮತ್ತು ಕೃತಕ ಚರ್ಮ

ದಪ್ಪನಾದ ತೊಗಲನ್ನು ಯಂತ್ರದಿಂದ ಎರಡು ಮೂರು ಪದರಗಳಾಗಿ ಸೀಳುವರು. ರೋಮದ ಬದಿಯ ಮೇಲ್ಮೈಯನ್ನು ಉಜ್ಜದೆ ಹಾಗೆಯೇ ಉಳಿಸಿಕೊಂಡ ಪದರವು ಉತ್ತಮ. ಗಾಯದ ಗುರುತುಗಳಿದ್ದರೆ ಮೇಲ್ಮೈಯನ್ನು ಉಜ್ಜಿ, ಬಣ್ಣದ ಲೇಪ ಹಾಕಿ, ಯಂತ್ರದಿಂದ ರೋಮದ ಗುರುತುಗಳನ್ನು ಒತ್ತುವರು, ಇದು ಮಧ್ಯಮ. ಕೆಳಗಿನ ಸೀಳು ಪದರವು ಎರಡು ಕಡೆಯೂ ಜುಂಗಾಗಿದ್ದು ಬಲದಲ್ಲಿ ಕಡಮೆಯಾದುದು. ಇದರ ಮೇಲೆ ಲೇಪ ಹಾಕಿ ಮೊದಲ ಪದರವೆಂದು ಮಾರುವುದೂ ಉಂಟು. ಚರ್ಮದ ಚೂರುಗಳನ್ನು ಅರೆದು ಅಂಟಿನಿಂದ ಹಲಗೆಯಂತೆ ಒತ್ತಿದ ಪದಾರ್ಥವು ಹೆಸರಿಗೆ ಚರ್ಮ. ಬಾಗಿಸಿದರೆ ಬೇಗ ಬಿರಿಯುವುದು. ರೆಕ್ಸಿನ್ ಮೊದಲಾದುವು ಚರ್ಮವೇ ಅಲ್ಲ. ಬಟ್ಟೆಯ ಮೇಲೆ ಪ್ಲಾಸ್ಟಿಕ್ಕಿನ ಲೇಪ. ರೆಕ್ಸಿನ್ನನ್ನು ರೆಕ್ಸಿನ್ನಿನ ಬೆಲೆಗೆ ಕೊಂಡರೆ ದೋಷವಿಲ್ಲ. ಚರ್ಮದ ಬೆಲೆಗೆ ಕೊಂಡರೆ ಮಾತ್ರ ಮೋಸ.

೫. ಪರೀಕ್ಷೆಯ ಕ್ರಮ

ಕೊಳ್ಳುವಾಗ ಈ ಕೆಳಗಣ ಪರೀಕ್ಷೆಗಳನ್ನು ಯಾರು ಬೇಕಾದರೂ ಮಾಡಬಹುದು.

ಮೊದಲನೆಯದಾಗಿ, ಅಂಚನ್ನು ನೋಡತಕ್ಕದ್ದು. ನಿಜವಾದ ಚರ್ಮದ ಅಂಚಿನಲ್ಲಿ ನಾರುಗಳು ಕಾಣುವುವು. ರೆಕ್ಸಿನ್ನಿನ ಅಂಚಿನಲ್ಲಿ ಬಟ್ಟೆಯ ನೂಲು ಕಾಣುವುದು. ಅಂಚನ್ನು ಮಡಿಸಿ ಹೊಲಿದು ಮುಚ್ಚಿದ್ದರೆ ಒಳಮೈಯನ್ನು ತೋರಿಸುವಂತೆ ಕೇಳಬೇಕು.

ಎರಡನೆಯದಾಗಿ, ಬೆರಳಿನಿಂದ ಒತ್ತಿ ನೋಡತಕ್ಕದ್ದು. ಚರ್ಮವಾದರೆ ಒತ್ತಿದೆಡೆಯ ಸುತ್ತ ಸಣ್ಣ ಸುಕ್ಕುಗಳು ಹರಡುವುವು. ಮೇಲ್ಮೈಯ ರೋಮದ ಗುರುತುಗಳು ಎಲ್ಲಾ ಕಡೆಯೂ ಒಂದೇ ಅಳತೆಯಾಗಿ ಕ್ರಮವಾಗಿದ್ದರೆ ಅವು ಯಂತ್ರದ ಅಚ್ಚೆಂದು ಸಂದೇಹಿಸಬೇಕು. ಪ್ರಾಣಿಯ ಮೈಯಲ್ಲಿ ಅಷ್ಟು ಕ್ರಮವಿರುವುದಿಲ್ಲ.

ಮೂರನೆಯದಾಗಿ, ಒಂದು ಹನಿ ನೀರು. ಲೇಪವಿಲ್ಲದ ತೊಗಟೆಯ ಹದದ ಚರ್ಮದಲ್ಲಿ ನೀರು ಇಂಗಿ ಕಪ್ಪಾದ ಗುರುತು ಮೂಡುವುದು. ಪ್ಲಾಸ್ಟಿಕ್ಕಿನ ಮೇಲೆ ಹನಿಯು ಹಾಗೆಯೇ ನಿಲ್ಲುವುದು.

ನಾಲ್ಕನೆಯದಾಗಿ, ಹದದ ಭೇದವನ್ನು ತಿಳಿಯಬೇಕಾದರೆ ಚರ್ಮವನ್ನು ಕೊಯ್ದು ನಡುವಿನ ಬಣ್ಣವನ್ನು ನೋಡಬೇಕು. ತೊಗಟೆಯ ಹದವು ಪೂರ್ತಿ ಕಂದು; ಕ್ರೋಮ್ ಹದದ ನಡುವೆ ಸಾಮಾನ್ಯವಾಗಿ ನೀಲಿ ಇಲ್ಲವೆ ಬೂದಿಯ ಛಾಯೆಯಿರುವುದು. ಒಂದು ಸಣ್ಣ ತುಂಡನ್ನು ಕುದಿಯುವ ನೀರಿಗೆ ಹಾಕಿದರೆ ತೊಗಟೆಯ ಹದದ ಚರ್ಮವು ಸುರುಟಿಕೊಂಡು ಗಟ್ಟಿಯಾಗುವುದು. ಚೆನ್ನಾಗಿ ಮಾಡಿದ ಕ್ರೋಮ್ ಚರ್ಮವು ಹೆಚ್ಚಾಗಿ ಬದಲಾಗದು.

ಐದನೆಯದಾಗಿ, ಒಂದು ಎಳೆಯನ್ನು ಸುಟ್ಟು ನೋಡಬಹುದು. ಚರ್ಮವು ಕೂದಲು ಸುಟ್ಟ ವಾಸನೆಯನ್ನು ಕೊಡುವುದು. ಪ್ಲಾಸ್ಟಿಕ್ಕು ಕರಗಿ ತೊಟ್ಟಿಕ್ಕುವುದು. ಆದರೆ ಹಳೆಯ ಬೂಟುಗಳನ್ನೂ ಕ್ರೋಮ್ ಚರ್ಮದ ಚೂರುಗಳನ್ನೂ ಒಲೆಗೆ ಹಾಕಕೂಡದು. ಅವುಗಳ ಹೊಗೆಯೂ ಬೂದಿಯೂ ಆರೋಗ್ಯಕ್ಕೆ ಕೆಟ್ಟುದು.

ಕೊಂಡ ಚರ್ಮವನ್ನು ಕಾಪಾಡುವುದೂ ಮುಖ್ಯ. ನೆನೆದ ಚಪ್ಪಲಿಯನ್ನೂ ಪಟ್ಟಿಯನ್ನೂ ಒಲೆಯ ಬಳಿ ಒಣಗಿಸದೆ ನೆರಳಿನಲ್ಲಿ ಒಣಗಿಸಿ, ಸ್ವಲ್ಪ ತೇವವಿರುವಾಗಲೇ ಹರಳೆಣ್ಣೆಯನ್ನು ತೆಳ್ಳಗೆ ಸವರಬೇಕು. ಎತ್ತಿನ ಬೆವರು ಮತ್ತು ಗಂಜಲಗಳು ಚರ್ಮವನ್ನು ತಿನ್ನುತ್ತವೆ. ಆದುದರಿಂದ ಕೊರಳಪಟ್ಟಿಯನ್ನು ಆಗಾಗ ಬಿಚ್ಚಿ ಒದ್ದೆಬಟ್ಟೆಯಿಂದ ಒರೆಸಬೇಕು.

೬. ನಮ್ಮ ಕೈಯಿಂದಲೇ ಆಗುವ ನಷ್ಟ

ತೊಗಲು ಕೆಡುವುದು ದನವು ಸತ್ತ ಮೇಲಲ್ಲ, ಬದುಕಿರುವಾಗಲೇ. ರೋಗಕ್ಕೆ ಮದ್ದೆಂದು ಕಾದ ಕಬ್ಬಿಣದಿಂದ ಬರೆ ಹಾಕುವುದು, ಮೊಳೆ ಹೊಡೆದ ಕೋಲಿನಿಂದ ತಿವಿಯುವುದು, ಮುಳ್ಳುತಂತಿಯ ಬೇಲಿಗಳು, ನೊಗದ ಹುಣ್ಣು, ಉಣ್ಣೆ ಮತ್ತು ಕಜ್ಜಿಗಳಿಗೆ ಚಿಕಿತ್ಸೆ ಮಾಡಿಸದಿರುವುದು, ಇವುಗಳಲ್ಲಿ ಪ್ರತಿಯೊಂದೂ ತೊಗಲಿನ ಮೇಲೆ ಅಳಿಸಲಾಗದ ಗುರುತನ್ನು ಬಿಡುವುದು. ೨೦೨೨ರಲ್ಲಿ ನಮ್ಮ ರಾಜ್ಯದಲ್ಲಿ ಬಲವಾಗಿ ಹರಡಿದ ಚರ್ಮಗಂಟು ರೋಗವು ವಾಸಿಯಾದ ದನದ ಮೈಯಲ್ಲಿಯೂ ಕಲೆಗಳನ್ನು ಉಳಿಸಿತು. ಕಾಲಕಾಲಕ್ಕೆ ಲಸಿಕೆ ಹಾಕಿಸುವುದರಿಂದ ದನವೂ ಉಳಿಯುವುದು, ತೊಗಲೂ ಉಳಿಯುವುದು. ದನವನ್ನು ದಯೆಯಿಂದ ನಡೆಸಿಕೊಳ್ಳುವವನ ಮನೆಯ ತೊಗಲೇ ಸಂತೆಯಲ್ಲಿ ಮೇಲಾದುದೆಂಬುದು ಅನುಭವದ ಮಾತು.

ಗೋಹತ್ಯೆಯನ್ನು ನಿಷೇಧಿಸುವ ೨೦೨೦ರ ಕರ್ನಾಟಕ ಕಾಯಿದೆಯು ಬಂದ ಮೇಲೆ ನಮ್ಮಲ್ಲಿ ಹಸು ಎತ್ತುಗಳ ತೊಗಲು ಹೆಚ್ಚಾಗಿ ತಾನಾಗಿ ಸತ್ತ ದನದಿಂದಲೇ ಬರತಕ್ಕದ್ದು. ಅಂತಹ ದನವನ್ನು ನೆಲದ ಮೇಲೆ ಎಳೆದುಕೊಂಡು ಹೋದರೆ ಬೆನ್ನಿನ ತೊಗಲು ಉಜ್ಜಿ ಹಾಳಾಗುವುದು, ಗಾಡಿಯಲ್ಲಿಯೇ ಸಾಗಿಸಬೇಕು. ಬೇಸಗೆಯಲ್ಲಿ ಕೆಲವೇ ಗಂಟೆಗಳಲ್ಲಿ ಕೊಳೆಯುವುದಕ್ಕೆ ಮೊದಲಾಗುವುದರಿಂದ ತಡಮಾಡಲಾಗದು. ಚೂಪಾದ ತುದಿಯ ಚಾಕುವಿನಿಂದ ಸುಲಿದರೆ ತೂತುಗಳು ಬೀಳುವುವು. ಮೊದಲ ಗೆರೆಯನ್ನು ಮಾತ್ರ ಚೂಪಾದುದರಿಂದ ಕೊಯ್ದು, ಉಳಿದುದನ್ನು ಮೊಂಡುತುದಿಯ ಬಾಗಿದ ಚಾಕುವಿನಿಂದಲೂ ಮುಷ್ಟಿಯಿಂದಲೂ ಬಿಡಿಸಬೇಕು.

ಸುಲಿದ ತೊಗಲನ್ನು ರಕ್ತ ಸಗಣಿಗಳು ಹೋಗುವಂತೆ ತೊಳೆದು, ನೀರು ಬಸಿದ ಮೇಲೆ, ಮಾಂಸದ ಬದಿಯನ್ನು ಮೇಲೆ ಮಾಡಿ ಹರಡಿ ಉಪ್ಪು ಹಾಕಬೇಕು. ತೊಗಲಿನ ತೂಕದ ಅರ್ಧದಷ್ಟು ಉಪ್ಪು ಬೇಕಾಗುವುದು. ಅಂದರೆ ೨೦ ಕಿಲೋಗ್ರಾಂ ತೂಕದ ಹಸಿ ತೊಗಲಿಗೆ ಸುಮಾರು ೧೦ ಕಿಲೋಗ್ರಾಂ. ಅಂಚುಗಳನ್ನೂ ಕಾಲಿನ ಭಾಗಗಳನ್ನೂ ಬಿಡದೆ ಉಜ್ಜಬೇಕು. ಉಪ್ಪಿಗೆ ಹಣವೇಕೆಂದು ಕಾದ ನೆಲದ ಮೇಲೆ ಬಿಸಿಲಿಗೆ ಹರಡುವ ಪದ್ಧತಿಯು ಕೆಟ್ಟುದು. ಹೊರಮೈಯು ಬೇಗನೆ ಒಣಗಿ ಗಟ್ಟಿಯಾಗುವುದು, ಒಳಗಿನ ತೇವವು ಅಲ್ಲಿಯೇ ನಿಂತು ಕೊಳೆಯುವುದು. ನೋಡುವುದಕ್ಕೆ ಚೆನ್ನಾಗಿದ್ದ ತೊಗಲು ಸುಣ್ಣದ ತೊಟ್ಟಿಗೆ ಬಿದ್ದೊಡನೆ ಪದರಪದರವಾಗಿ ಬಿಡುವುದು. ಒಣಗಿಸಲೇಬೇಕಾದರೆ ನೆರಳಿನಲ್ಲಿ, ಗಾಳಿಯಾಡುವೆಡೆಯಲ್ಲಿ, ನೆಲಕ್ಕೆ ತಾಗದಂತೆ ಎಳೆದು ಕಟ್ಟಿ ಒಣಗಿಸತಕ್ಕದ್ದು.

೭. ಮುಖಂಡರೂ ಜಮೀನುದಾರರೂ ವಹಿಸತಕ್ಕ ಹೊಣೆ

ಮೇಲೆ ಹೇಳಿದ ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆಯೊಂದಿದೆ. ದನವು ಇದ್ದಕ್ಕಿದ್ದಂತೆ ಸತ್ತು, ಹೊಟ್ಟೆ ಉಬ್ಬಿ, ಮೂಗು, ಬಾಯಿ, ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತವು ಬರುತ್ತಿದ್ದರೆ ಅದು ನೆರಡಿ ರೋಗ, ಅಂದರೆ ಆಂತ್ರಾಕ್ಸ್, ಆಗಿರಬಹುದು. ಅಂತಹ ದನವನ್ನು ಸುಲಿಯಲೂ ಕೂಡದು, ಕೊಯ್ಯಲೂ ಕೂಡದು. ಅದರ ರಕ್ತವು ಗಾಳಿಗೆ ಸೋಕಿದರೆ ರೋಗಾಣುಗಳು ಬೀಜರೂಪವನ್ನು ತಾಳಿ ಹತ್ತಾರು ವರ್ಷಗಳ ಕಾಲ ಮಣ್ಣಿನಲ್ಲಿ ಜೀವದಿಂದಿರುವುವು. ಸುಲಿದವನಿಗೆ ರೋಗ ತಗಲುವುದು. ಆ ಜಾಗದಲ್ಲಿ ಮೇದ ದನಗಳಿಗೂ ತಗಲುವುದು. ಒಂದು ತೊಗಲಿನ ಆಸೆಗೆ ಒಂದು ಸಂಸಾರದ ಯಜಮಾನನನ್ನು ಕಳೆದುಕೊಳ್ಳುವ ಪ್ರಸಂಗ ಬರಬಾರದು. ಕೂಡಲೇ ಪಶುವೈದ್ಯರಿಗೆ ತಿಳಿಸಿ, ಅವರು ಹೇಳಿದಂತೆ ಹೂಳತಕ್ಕದ್ದು ಇಲ್ಲವೆ ಸುಡತಕ್ಕದ್ದು. ದನಗಳ ಸಾಂಕ್ರಾಮಿಕ ರೋಗಗಳನ್ನು ತಡೆಯುವ ೨೦೦೯ರ ಕೇಂದ್ರ ಕಾಯಿದೆಯ ಪ್ರಕಾರ ಇಂತಹ ರೋಗದ ಸಂದೇಹ ಬಂದರೆ ವರದಿ ಮಾಡುವುದು ಮಾಲೀಕನ ಕರ್ತವ್ಯ. ಆ ವರದಿಯನ್ನು ಪಶುವೈದ್ಯರಿಗೆ ಮುಟ್ಟಿಸುವುದು ಗ್ರಾಮದ ಅಧಿಕಾರಿಗಳ ಕರ್ತವ್ಯ.

ಇನ್ನೊಂದು ಮಾತು. ಹಿಂದೆ ಊರಿನಲ್ಲಿ ದನ ಸತ್ತರೆ ಅದನ್ನು ಹೊತ್ತು ಸುಲಿಯುವ ಕೆಲಸವನ್ನು ಒಂದು ಜಾತಿಯವರ ತಲೆಯ ಮೇಲೆ ಬಿಟ್ಟಿಯಾಗಿ ಹೊರಿಸಿದ್ದಿತು. ಕಪಿಲೆಯ ಬಾನೆಯನ್ನು ಹೊಲಿದವರೂ, ಮಿಣಿಯನ್ನು ಹೊಸೆದವರೂ, ಊರಿನ ಚಪ್ಪಲಿಯನ್ನೂ ತಮಟೆಯನ್ನೂ ಮಾಡಿದವರೂ ಅವರೇ. ಅವರು ಮಾಡಿದ ಬಾನೆಯ ನೀರನ್ನು ಉಂಡು ಬೆಳೆದ ಊರು, ಅದೇ ಬಾವಿಯ ಬಳಿಗೆ ಅವರನ್ನು ಬರಗೊಡಿಸದೆ ಇದ್ದಿತೆಂಬುದು ನಾವು ತಲೆತಗ್ಗಿಸಿ ಒಪ್ಪಿಕೊಳ್ಳತಕ್ಕ ಸತ್ಯ. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನದ ಹದಿನೇಳನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ತೊಡೆದುಹಾಕಿತು. ವಂಶಪಾರಂಪರ್ಯದ ಗ್ರಾಮಪದವಿಗಳು ೧೯೬೧ರ ಕಾಯಿದೆಯಿಂದ ಕೊನೆಗೊಂಡುವು. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಣ ದೌರ್ಜನ್ಯವನ್ನು ತಡೆಯುವ ೧೯೮೯ರ ಕಾಯಿದೆಗೆ ೨೦೧೫ರಲ್ಲಿ ಆದ ತಿದ್ದುಪಡಿಯಂತೆ, ಆ ಜನರಿಂದ ಸತ್ತ ಪ್ರಾಣಿಯನ್ನು ಹೊರಿಸುವುದೂ ವಿಲೇವಾರಿ ಮಾಡಿಸುವುದೂ ಶಿಕ್ಷಾರ್ಹವಾದ ಅಪರಾಧ.

ಆದುದರಿಂದ ಮನೆಯಲ್ಲಿ ದನ ಸತ್ತಾಗ 'ಅವರನ್ನು ಕರೆಸು' ಎಂಬ ಹಳೆಯ ಅಪ್ಪಣೆಯನ್ನು ಮರೆಯತಕ್ಕದ್ದು. ಸತ್ತ ದನದ ಹೊಣೆಯು ಮಾಲೀಕನದು. ಅದನ್ನು ಸಾಗಿಸುವ ಗಾಡಿಯನ್ನೂ ಹೂಳುವ ಜಾಗವನ್ನೂ ಪಂಚಾಯಿತಿಯ ಮೂಲಕ ಮುಂಚಿತವಾಗಿಯೇ ಗೊತ್ತುಮಾಡಿಟ್ಟರೆ ಯಾರ ಮನೆಯ ಬಾಗಿಲಿಗೂ ಹೋಗಿ ನಿಲ್ಲಬೇಕಾಗಿಲ್ಲ. ತೊಗಲಿನ ವ್ಯಾಪಾರವನ್ನು ತಾನಾಗಿ ಉದ್ಯೋಗವಾಗಿ ಕೈಕೊಂಡವನು ಬಂದರೆ, ಜಾತಿ ಯಾವುದೇ ಆಗಿರಲಿ, ಇತರ ವರ್ತಕರಿಗೆ ತೋರಿಸುವ ಮರ್ಯಾದೆಯನ್ನೇ ಅವನಿಗೂ ತೋರಿಸಿ ವ್ಯವಹರಿಸಬೇಕು. ಕೈಗವಸು, ಬೂಟು, ನೀರು, ಸೋಪುಗಳಿಗೆ ಏರ್ಪಾಡಾಗಿರಬೇಕು. ಚರ್ಮದ ಕೆಲಸವನ್ನು ಕಲಿಯಬೇಕೆಂಬ ತರುಣರಿಗೆ ೧೯೭೬ರಲ್ಲಿ ಸ್ಥಾಪಿತವಾದ ನಮ್ಮ ರಾಜ್ಯದ ಚರ್ಮ ಕೈಗಾರಿಕೆಗಳ ಅಭಿವೃದ್ಧಿ ನಿಗಮವಿದೆ. ಲಿಡ್ಕರ್ ಎಂದು ಅದನ್ನು ಕರೆಯುವರು. ಶಾಸ್ತ್ರವನ್ನು ಆಳವಾಗಿ ತಿಳಿಯಬೇಕೆಂಬವರಿಗೆ ೧೯೪೮ರಲ್ಲಿ ಮದರಾಸಿನ ಅಡಯಾರಿನಲ್ಲಿ ಸ್ಥಾಪಿತವಾದ ಕೇಂದ್ರ ಚರ್ಮ ಸಂಶೋಧನ ಸಂಸ್ಥೆಯಿದೆ.

ಬೀಳಿನಲ್ಲಿರುವ ತಂಗಡಿಯ ಹೂವನ್ನು ನಾವು ದಿನವೂ ನೋಡುತ್ತೇವೆ. ಆ ಗಿಡದ ತೊಗಟೆ, ನಮ್ಮ ದನದ ತೊಗಲು, ನಮ್ಮ ಊರಿನವರ ಕೈಗೆಲಸ ಈ ಮೂರೂ ಸೇರಿ ಒಂದು ಕಾಲಕ್ಕೆ ಈ ಸೀಮೆಯ ಹೊಲಗಳಿಗೆ ನೀರು ಹಾಯಿಸಿದುವು. ಮೊದಲಿನ ಎರಡರ ಬೆಲೆಯನ್ನು ತಿಳಿಯುವುದು ಲಾಭದ ಮಾತು. ಮೂರನೆಯದರ ಬೆಲೆಯನ್ನು ತಿಳಿಯುವುದು ನ್ಯಾಯದ ಮಾತು. ನಮ್ಮ ವಾಚಕರು ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯವನ್ನು ಪ್ರಸ್ತಾಪಿಸಿ, ಸತ್ತ ದನಗಳ ವಿಲೇವಾರಿಗೆ ಒಂದು ಕ್ರಮವನ್ನು ತಮ್ಮ ಊರಿನಲ್ಲಿ ಏರ್ಪಡಿಸುವರೆಂದು ನಂಬಲಾಗಿದೆ.